ಒಂಟಿ ಅಂಗಡಿ, ಕೂಡಿದ ಹೆಗಲು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ನಮ್ಮ ಸಣ್ಣ ಅಂಗಡಿಕಾರರು ಒಬ್ಬೊಬ್ಬರಾಗಿ ಸಾಲ ಮಾಡುತ್ತಾರೆ, ಒಬ್ಬೊಬ್ಬರಾಗಿಯೇ ಸೋಲುತ್ತಾರೆ. ಕೂಡಿ ಬದುಕುವ ಪಾಠ ನಮಗೆ ದೂರದ್ದೇನಲ್ಲ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಂಘ ಕಟ್ಟಿದರು. ಹಾನಗಲ್ಲಿನಂತೆ ಅದೂ ಆಗ ಧಾರವಾಡ ಜಿಲ್ಲೆಯ ಊರು. ಆ ಕಾಯ್ದೆಯಂತೆ ಹಳ್ಳಿಯ ಸಂಘದಲ್ಲಿ ಒಬ್ಬ ತೀರಿಸದ ಸಾಲಕ್ಕೆ ಎಲ್ಲರೂ ಹೊಣೆ. ನೆರೆಯವನ ನಡತೆಯೇ ಜಾಮೀನು. ಆದರೆ ಅದು ಸಾಲದ ಸಂಘಗಳಿಗಷ್ಟೇ ಸೀಮಿತವಾಗಿತ್ತು. ಕೂಡಿ ಕೊಳ್ಳುವ, ಕೂಡಿ ಮಾರುವ ಸಂಘಗಳಿಗೆ ದಾರಿ ತೆರೆದದ್ದು 1912ರ ಕಾಯ್ದೆ. ಬಡ್ಡಿಗೆ ಅಂಜುವ ನಮ್ಮವರಿಗೆ ಈ ಎರಡನೆಯ ದಾರಿಯೇ ಹತ್ತಿರ: ಸಗಟು ಮಾಲನ್ನು ಒಟ್ಟಿಗೆ ತಂದು ಲಾಭನಷ್ಟ ಹಂಚಿಕೊಳ್ಳುವುದು. ಬಂಡವಾಳ ಚಿಕ್ಕದೆಂದು ಕೊರಗುವ ಮೊದಲು ಕೇಳಿಕೊಳ್ಳೋಣ: ಪಕ್ಕದ ಅಂಗಡಿಯವನ ನಷ್ಟಕ್ಕೆ ಹೆಗಲು ಕೊಡಲು ನಾವು ಸಿದ್ಧರಿದ್ದೇವೆಯೇ?