ಖಾತರಿ ಸರಕಾರದ್ದು, ಸಹಿ ಬ್ಯಾಂಕಿನದು

ಮುಂಬಯಿಯಲ್ಲಿ ಬ್ಯಾಂಕಿನ ಕೆಲಸದಲ್ಲೇ ನನ್ನ ಅರ್ಧ ಆಯಸ್ಸು ಕಳೆಯಿತು. ಹಾಗಾಗಿ ಯುದ್ಧದ ಇತಿಹಾಸ ಓದುವಾಗಲೂ ಕಣ್ಣು ಸಾಲದ ಲೆಕ್ಕದ ಮೇಲೇ ಹೋಗಿ ನಿಲ್ಲುತ್ತದೆ. ಅಂಥ ಒಂದು ಲೆಕ್ಕ ಇಲ್ಲಿದೆ, ನೋಡಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರವಾಗಿ 10 ಲಕ್ಷಕ್ಕೂ ಹೆಚ್ಚು ಕಪ್ಪು ಜನರು ಸೇವೆ ಸಲ್ಲಿಸಿದರು. ಹಿಟ್ಲರನ ಜನಾಂಗದ್ವೇಷದ ವಿರುದ್ಧ ಹೊರಟ ಆ ಸೇನೆಯಲ್ಲೇ ಅವರಿಗೆ ಬೇರೆ ತುಕಡಿ, ಬೇರೆ ಬ್ಯಾರಕ್ಕು. ಗಾಯಾಳುಗಳಿಗೆಂದು ರೆಡ್ ಕ್ರಾಸ್ ಸಂಗ್ರಹಿಸಿದ ರಕ್ತವನ್ನೂ ದಾನಿಯ ಬಣ್ಣ ನೋಡಿ ಬೇರೆ ಇಡುತ್ತಿದ್ದರು! ಹೆಚ್ಚಿನವರಿಗೆ ಸಿಕ್ಕಿದ್ದು ಸಾಮಾನು ಹೊರುವ, ಲಾರಿ ಓಡಿಸುವ, ಅಡುಗೆ ಮಾಡುವ ಕೆಲಸ.

1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ 'ಜಿ.ಐ. ಬಿಲ್'ಗೆ ಸಹಿ ಹಾಕಿದರು. ಯುದ್ಧದಿಂದ ಮರಳಿದವರಿಗೆ ಓದಲು, ಮನೆ-ಜಮೀನು ಕೊಳ್ಳಲು, ವ್ಯಾಪಾರ ಹೂಡಲು ನೆರವು. ಕಾಯಿದೆಯಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೆ ಮನೆ, ಜಮೀನು, ವ್ಯಾಪಾರಕ್ಕೆ ಸರಕಾರ ಕೊಟ್ಟದ್ದು ಮುಖ್ಯವಾಗಿ ಸಾಲದ ಖಾತರಿ. ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. ಮ್ಯಾನೇಜರು ಆಗೋದಿಲ್ಲ ಅಂದರೆ ಆ ಖಾತರಿ ಬರೀ ಕಾಗದ.

1947ರಲ್ಲಿ ಮಿಸಿಸಿಪ್ಪಿ ರಾಜ್ಯದ 13 ನಗರಗಳಲ್ಲಿ ಸಮೀಕ್ಷೆ ನಡೆಯಿತು. ಹೀಗೆ ಖಾತರಿ ಪಡೆದ ಸಾಲಗಳು 3,229. ಅದರಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು 2. ಹೌದು, ಎರಡೇ ಎರಡು! ಆ ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಅರ್ಧ ಅವರೇ ಇದ್ದರು.

ಅರ್ಜಿ ತಿರಸ್ಕರಿಸಲು 'ಬಣ್ಣ' ಎಂದು ಬರೆಯಬೇಕಾಗಿಲ್ಲ. 'ಆಧಾರ ಸಾಲದು', 'ಆ ಬಡಾವಣೆಯಲ್ಲಿ ಮನೆಗೆ ಬೆಲೆಯಿಲ್ಲ' ಅಂದರೆ ಸಾಕು. 1930ರ ದಶಕದಲ್ಲಿ ಸರಕಾರಿ ಸಂಸ್ಥೆಯೇ ಕಪ್ಪು ಜನರ ಬಡಾವಣೆಗಳಿಗೆ ನಕಾಶೆಯಲ್ಲಿ ಕೆಂಪು ಬಣ್ಣ ಬಳಿದು, ಸಾಲಕ್ಕೆ ಅಪಾಯ ಎಂದು ಗುರುತಿಸಿತ್ತು.

1948ರಲ್ಲಿ ಟ್ರೂಮನ್ ಸೇನೆಯೊಳಗಿನ ಭೇದ ನಿಲ್ಲಿಸಲು ಆದೇಶ ಹೊರಡಿಸಿದರು. ಮನೆ ಮಾರಾಟ, ಬಾಡಿಗೆಗಳಲ್ಲಿನ ಭೇದದ ವಿರುದ್ಧ ಕಾನೂನು ಬಂದದ್ದು 1968ರಲ್ಲಿ.

"ಅದೆಲ್ಲ ಹಳೇ ಕಥೆ, ಈಗ್ಯಾಕೆ?" ಎನ್ನುವವರು ಅಲ್ಲೂ ಇದ್ದಾರೆ, ಅಲ್ಲಿ ನೆಲೆಸಿದ ನಮ್ಮ ನೆಂಟರಲ್ಲೂ ಇದ್ದಾರೆ. ಆದರೆ ಅಂದು ಕೊಂಡ ಮನೆ ಮಗನ ಓದಿಗೆ ಅಡಮಾನ, ಮೊಮ್ಮಗನಿಗೆ ಆಸ್ತಿ. ಸಿಗದ ಸಾಲದ ನಷ್ಟವೂ ಹಾಗೆಯೇ, ಚಕ್ರಬಡ್ಡಿಯಂತೆ ಬೆಳೆಯುತ್ತದೆ. 2022ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲೂ ಸಾಮಾನ್ಯ ಬಿಳಿಯ ಕುಟುಂಬದ ಆಸ್ತಿ ಸಾಮಾನ್ಯ ಕಪ್ಪು ಕುಟುಂಬದ್ದರ ಸುಮಾರು 6 ಪಟ್ಟು. ಎಲ್ಲಕ್ಕೂ ಆ ಸಾಲವೊಂದೇ ಕಾರಣ ಎನ್ನಲಾರೆ, ಅದೂ ಒಂದು ಕಾರಣ.

ಬೈಗುಳವಿಲ್ಲದೆ, ನಯವಾಗಿ 'ಇಲ್ಲ' ಅಂದರೂ ಭೇದ ಭೇದವೇ. ಪರ ಊರಿನಲ್ಲಿ ಬಾಡಿಗೆ ಮನೆಗೆ ಅಲೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ?