ನೀರಿಲ್ಲದ ವರ್ಷದ ನೀರು ತುಂಬುವ ಹಬ್ಬ



ನಾನು ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಲಿತದ್ದು ಮೆಟ್ರಿಕ್‌ವರೆಗೆ. ಇತಿಹಾಸ ಹೇಳುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿಲ್ಲ. ಆದರೆ ಕೌಂಟರಿನ ಒಳಗೆ ಕೂತವನ ಕಿವಿಗೆ ಒಂದು ಬಗೆಯ ಇತಿಹಾಸ ತಾನಾಗಿಯೇ ಬೀಳುತ್ತದೆ. ಸಾಲದ ಅರ್ಜಿ ತುಂಬುವಾಗ "ವಯಸ್ಸು ಎಷ್ಟು?" ಎಂದು ಕೇಳಿದರೆ ನಮ್ಮ ಅಕ್ಕಲಕೋಟ ಸೀಮೆಯ ರೈತರು ಇಸವಿ ಹೇಳುತ್ತಿರಲಿಲ್ಲ. ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು, "ಬಹಾತ್ತರದ ದುಷ್ಕಾಳದಾಗ ಇಷ್ಟಿದ್ದೆ ನೋಡ್ರಿ ಸಾಹೇಬ್ರ" ಎನ್ನುತ್ತಿದ್ದರು. ಕನ್ನಡದವರೂ ಹಾಗೆಯೇ, ಮರಾಠಿಯವರೂ ಹಾಗೆಯೇ. ನಾನು ಲೆಕ್ಕ ಹಾಕಿ ಬರೆದುಕೊಳ್ಳುತ್ತಿದ್ದೆ. ನನ್ನ ಲೆಕ್ಕವೂ ಅದೇ. ಆ ವರ್ಷ ನನಗೆ ಹನ್ನೆರಡು.

2020ರ ದೀಪಾವಳಿಯಲ್ಲಿ, ಕೊರೊನಾದ ಕಾಲದಲ್ಲಿ, ನನ್ನ ಮೊಮ್ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಮಾಮಾನ ಮನೆಗೆ ಹೋಗುವಂತಿಲ್ಲ, ಗೆಳತಿಯರು ಬರುವಂತಿಲ್ಲ. "ಇದೆಂಥಾ ಹಬ್ಬ ಅಜ್ಜಾ?" ಎಂದಳು. ಆಗ ಅವಳಿಗೆ ಹೇಳಿದ್ದನ್ನೇ ಇಂದು ತಮಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮಹಾರಾಷ್ಟ್ರದಲ್ಲಿ ಮಳೆ ಕೈಕೊಟ್ಟದ್ದು ಒಂದೇ ವರ್ಷವಲ್ಲ. 1970ರಿಂದಲೇ ಕೊರತೆ ಸುರುವಾಗಿತ್ತು. 1972ರಲ್ಲಿ ಮೃಗಶಿರಾ ಹೋಯಿತು, ಆರ್ದ್ರಾ ಹೋಯಿತು, ಕೊನೆಗೆ ಹಿಂಗಾರಿಗೆ ಆಧಾರವಾದ ಹಸ್ತಾ-ಚಿತ್ತಾ ಮಳೆಗಳೂ ಹೋದವು. ಸೋಲಾಪುರ, ಸಾಂಗಲಿ, ಉಸ್ಮಾನಾಬಾದ, ಬೀಡ, ಅಹಮದನಗರ, ಎಲ್ಲ ಕಡೆ ಅದೇ ಗೋಳು. ಹಳ್ಳದ ಆಚೆ, ಆಗಿನ್ನೂ ಮೈಸೂರು ರಾಜ್ಯ ಎನಿಸಿಕೊಂಡಿದ್ದ ಗುಲ್ಬರ್ಗಾ-ಬಿಜಾಪುರದ ಬೀಗರ ಮನೆಗಳಲ್ಲೂ ಬೇರೆ ಸ್ಥಿತಿ ಇರಲಿಲ್ಲ. ಬರಗಾಲಕ್ಕೆ ರಾಜ್ಯದ ಗಡಿ ತಿಳಿಯುವುದಿಲ್ಲ.

ನಮ್ಮ ಮುತ್ಯಾನಿಗೆ ಅವರ ಮುತ್ಯಾ ಹೇಳಿದ ಇನ್ನೊಂದು ಬರದ ಕಥೆ ಗೊತ್ತಿತ್ತು. ಅದು 1876ರಿಂದ 78ರವರೆಗಿನ ದೊಡ್ಡ ಬರ. ಸೋಲಾಪುರ ಜಿಲ್ಲೆಯೂ, ಆಗ ಕಲಾದಗಿ ಜಿಲ್ಲೆ ಎನ್ನುತ್ತಿದ್ದ ಇಂದಿನ ವಿಜಯಪುರ-ಬಾಗಲಕೋಟೆ ಸೀಮೆಯೂ ಅದರಲ್ಲಿ ನಲುಗಿದವು. ಸರಕಾರದವರು ಪರಿಹಾರದ ಕೆಲಸ ತೆಗೆದಿದ್ದರು, ನಿಜ. ಆದರೆ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಸಾಹೇಬರ ಮಾತಿನಂತೆ ಗಂಡಾಳಿನ ಕಾಳನ್ನು ದಿನಕ್ಕೆ ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ, ಇಳಿಸಿದರು. ಮೇಲೆ ಪುಡಿಗಾಸು. ಅದೇ ಜನವರಿ 1ರಂದು ದಿಲ್ಲಿಯಲ್ಲಿ ಲಾರ್ಡ್ ಲಿಟ್ಟನ್ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಹಿಂದುಸ್ತಾನದ ಚಕ್ರವರ್ತಿನಿ ಎಂದು ಸಾರಿದ್ದ. ದಿಲ್ಲಿಯಲ್ಲಿ ಔತಣ, ದಖ್ಖನಿನಲ್ಲಿ ಕಾಳು ಕಡಿತ! ನಮ್ಮ ಜನ ಸಂಕ್ರಾಂತಿಗೆ ಎಳ್ಳು-ಬೆಲ್ಲ ಹುಡುಕುವ ಹೊತ್ತು ಅದು. ಕೂಲಿ ಮಾಡುವವರು ಸುಮ್ಮನಿರಲಿಲ್ಲ. ಮುಂಬಯಿ ಇಲಾಖೆಯ ದಖ್ಖನ್ ಜಿಲ್ಲೆಗಳಲ್ಲಿ ಸಾವಿರಗಟ್ಟಲೆ ಜನ ಕೆಲಸ ಬಿಟ್ಟು ಎದ್ದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರಕಾರಕ್ಕೆ ಬರೆಯಿತು. ಆದರೂ ಲಕ್ಷಗಟ್ಟಲೆ ಜನ ಸತ್ತರು. ಮುತ್ಯಾನ ತಲೆಯಲ್ಲಿ ಬರ ಎಂದರೆ ಅದು. ಹಾಗಾಗಿ 1972ರಲ್ಲಿ, ದಸರೆಯ ಹೊತ್ತಿಗೆ ಮನೆಯ ಎತ್ತಿನ ಜೋಡಿ ಮಾರಿದ ದಿನ, ಆತ ಗೋಡೆಯ ಕಡೆ ಮುಖ ಮಾಡಿ ಮಲಗಿದ. "ಈ ವರ್ಷ ಹಬ್ಬದ ಹೆಸರು ಎತ್ತಬ್ಯಾಡ್ರಿ" ಎಂದ. ಊಟವನ್ನೂ ಅರ್ಧ ಬಿಟ್ಟ.

ಆದರೆ 1972 ಎಂಬುದು 1877 ಆಗಲಿಲ್ಲ. ಅದಕ್ಕೆ ಕಾರಣವಿದೆ. ಸರಕಾರದವರು ಊರೂರಿಗೆ ಕೆಲಸ ತೆಗೆದರು: ಖಡಿ ಒಡೆಯುವುದು, ರಸ್ತೆ, ಬದು, ಬಾವಿ, ನೀರು ನೆಲಕ್ಕಿಳಿಸುವ ಪಾಝರ ತಲಾವು. 1973ರ ಮೇ ತಿಂಗಳಲ್ಲಿ ಇಂಥ ಕೆಲಸಗಳ ಮೇಲಿದ್ದವರು ಸುಮಾರು 50 ಲಕ್ಷ. 1971ರ ಜನಗಣತಿಯಂತೆ ರಾಜ್ಯದ ಜನ 5 ಕೋಟಿ. ಅಂದರೆ ಕೂಸು-ಮುದುಕರನ್ನೂ ಹಿಡಿದು ಹತ್ತರಲ್ಲಿ ಒಬ್ಬರ ಕೈಯಲ್ಲಿ ಗುದ್ದಲಿಯೋ ಬುಟ್ಟಿಯೋ ಸುತ್ತಿಗೆಯೋ ಇತ್ತು. ಬೆಳೆ ಪೂರ್ತಿ ಹೋದರೂ ಹಸಿವಿನ ಸಾವು ಊರುಗಳನ್ನು ಬರಿದು ಮಾಡಲಿಲ್ಲ. ಜ್ಯಾಂ ಡ್ರೇಜ್ ಮತ್ತು ಅಮರ್ತ್ಯ ಸೇನ್ ಇಬ್ಬರೂ 1989ರಲ್ಲಿ ಹಸಿವಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಉದಾಹರಣೆಯಾಗಿ ಎತ್ತಿ ಹೇಳಿದ್ದಾರೆ. ಕೆಲಸ ಕೇಳಿದವನಿಗೆ ಕೆಲಸ ಕೊಡಬೇಕೆಂಬ ವಿಚಾರದ ಬೇರು ನಮ್ಮ ಪಕ್ಕದ ಸಾಂಗಲಿ ಜಿಲ್ಲೆಯಲ್ಲೇ ಇದೆ. ವಿ. ಸ. ಪಾಗೆಯವರು 1965ರಲ್ಲಿ ತಾಸಗಾಂವ ತಾಲೂಕಿನಲ್ಲಿ ಅದನ್ನು ಸಣ್ಣದಾಗಿ ಮಾಡಿಸಿ ನೋಡಿದ್ದರು. 1977ರಲ್ಲಿ ಅದು ಮಹಾರಾಷ್ಟ್ರದ ಕಾಯ್ದೆಯಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. 2005ರಲ್ಲಿ ಇಡೀ ದೇಶಕ್ಕೆ ಉದ್ಯೋಗ ಖಾತ್ರಿಯ ಕಾಯ್ದೆ ಮಾಡುವಾಗ ಮುಂದೆ ಇದ್ದ ಮಾದರಿಯೂ ಇದೇ.

ಇಷ್ಟು ಕಾಗದದಲ್ಲಿ ಇರುವ ಇತಿಹಾಸ. ಇನ್ನು ಕಾಗದದಲ್ಲಿ ಇಲ್ಲದ್ದು.

ಊರಿಂದ ಒಂದು ಹರದಾರಿ ದೂರದಲ್ಲಿ ತಲಾವಿನ ಕೆಲಸ ನಡೆದಿತ್ತು. ಅಪ್ಪ ಅಗೆಯುತ್ತಿದ್ದ, ಅವ್ವ ಬುಟ್ಟಿ ಹೊರುತ್ತಿದ್ದಳು. ಹೆಂಗಸರೇ ಹೆಚ್ಚು. ಸಾಲಿಯಿಂದ ಬಂದ ಮೇಲೆ ನಾನು ಕುಡಿಯುವ ನೀರಿನ ಕೊಡ ಹೊತ್ತು ತಿರುಗುತ್ತಿದ್ದೆ. ಊಟಕ್ಕೆ ರೇಶನ್ನಿನ ಅಮೇರಿಕೆಯ ಕೆಂಪು ಜೋಳ, 'ಮಿಲೋ'. ಅದರ ಹಿಟ್ಟಿಗೆ ಜಿಗಿ ಇರಲಿಲ್ಲ. ಬಡಿಯುವಾಗಲೇ ರೊಟ್ಟಿ ಬಿರಿಯುತ್ತಿತ್ತು. ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದಬೇಕೆಂದು ಹೆಂಗಸರು ಎಂಟು ದಿನದಲ್ಲಿ ಕಂಡುಕೊಂಡರು. ಮಕ್ಕಳಿಗೆ ಸುಕಡಿ ಎಂಬ ಸಿಹಿ ಪುಡಿ ಹಂಚುತ್ತಿದ್ದರು. ಅದರ ರುಚಿ ಈಗಲೂ ನಾಲಿಗೆ ಮೇಲಿದೆ. ರೊಟ್ಟಿಯ ಜೊತೆಗೆ ಅಗಸಿ ಹಿಂಡಿ, ಇಲ್ಲವೇ ಹುರುಳಿ ಕಟ್ಟಿನ ಸಾರು. ಇವತ್ತಿನ ಡಾಕ್ಟರರು ಅಗಸಿ ತಿನ್ನಿರಿ ಎಂದು ಚೀಟಿ ಬರೆದುಕೊಡುತ್ತಾರೆ. ಆಗ ಅದು ಬಡವರ ಪದಾರ್ಥ.

ಆರೋಗ್ಯದ ನಿಜವಾದ ಶತ್ರು ನೀರು. ಬಾವಿಗಳು ತಳ ಹತ್ತಿದ್ದವು. ಮೆಟ್ಟಿಲು ಬಾವಿಯ ತಳದ ಗುಂಡಿಯಲ್ಲಿ ಜನ ಇಳಿದು, ಕಾಲು ಅದ್ದಿ, ತಂಬಿಗೆಯಿಂದ ಮೊಗೆಯುತ್ತಿದ್ದರು. ನಾರುಹುಣ್ಣು ಹರಡುವುದು ಇಂಥ ಕಡೆಯಲ್ಲೇ. ನೀರಿನೊಳಗಿನ ತೀರ ಸಣ್ಣ ಹುಳದ ಮೂಲಕ ಅದು ಹೊಟ್ಟೆಗೆ ಹೋಗಿ, ವರುಷದ ಮೇಲೆ ಕಾಲಿನಿಂದ ದಾರದಂತೆ ಹೊರಬರುತ್ತಿತ್ತು. ನಮ್ಮ ಆಯಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಹಳೇ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸದ ಹೊರತು ಒಂದು ಹನಿ ನೀರನ್ನೂ ಕುಡಿಯಗೊಡುತ್ತಿರಲಿಲ್ಲ. ಮುಂದೆ ಸರಕಾರದ ನಾರುಹುಣ್ಣು ನಿರ್ಮೂಲನದ ಮಂದಿ ಹಳ್ಳಿಹಳ್ಳಿಗೆ ಬಂದು ಹೇಳಿದ್ದೂ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದೇ. ದೇಶದ ಕೊನೆಯ ರೋಗಿ ರಾಜಸ್ಥಾನದಲ್ಲಿ 1996ರಲ್ಲಿ ಸಿಕ್ಕ. 2000ದಲ್ಲಿ ಭಾರತಕ್ಕೆ ಆ ರೋಗದಿಂದ ಬಿಡುಗಡೆಯ ಪತ್ರ ಸಿಕ್ಕಿತು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿದಾಗ ನನಗೆ ಆಯಿಯ ಸೀರೆ ತುಂಡು ನೆನಪಾಯಿತು.

ಇಂಥದರಲ್ಲಿ ನವೆಂಬರ್ ಮೊದಲ ವಾರ ದೀಪಾವಳಿ ಬಂತು. ನಮ್ಮ ಕಡೆ ಅದರ ಮೊದಲ ದಿನದ ಹೆಸರೇ ನೀರು ತುಂಬುವ ಹಬ್ಬ. ಹಂಡೆ ತಿಕ್ಕಿ ಬೆಳಗಿ, ಸುಣ್ಣ-ಕೆಮ್ಮಣ್ಣು ಬರೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಅಂಚು ಮುಟ್ಟ ನೀರು ತುಂಬಬೇಕು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಸ್ನಾನ. ನೀರೇ ಇಲ್ಲದ ವರ್ಷ ನೀರು ತುಂಬುವ ಹಬ್ಬ! ಸಾಲದ್ದಕ್ಕೆ ಹಬ್ಬದ ಮುಂಚೆ ಬರಬೇಕಾದ ವಾರದ ಪಗಾರ ಬರಲಿಲ್ಲ. ಹಜೇರಿ ಬರೆಯುವವರು ಪಟ್ಟಿ ಕಳಿಸಲು ತಡ ಮಾಡಿದರಂತೆ. ಹಣ ಕೈಗೆ ಬಂದದ್ದು ಹಬ್ಬ ಮುಗಿದ ನಾಲ್ಕು ದಿನಕ್ಕೆ. ಮುಂದೆ ನಾನು ಬ್ಯಾಂಕಿನಲ್ಲಿ ಕೂತಾಗ, ಹಬ್ಬದ ಹಿಂದಿನ ದಿನ ಕೌಂಟರ್ ಮುಚ್ಚುವ ಹೊತ್ತಿಗೆ ಯಾರಾದರೂ ಓಡಿ ಬಂದರೆ ಮತ್ತೆ ತಿಜೋರಿ ತೆಗೆಸುತ್ತಿದ್ದೆ. ಮ್ಯಾನೇಜರರು ಗೊಣಗುತ್ತಿದ್ದರು. ಇರಲಿ.

ಆಯಿ ಮುತ್ಯಾನ ಮಾತು ಕೇಳಲಿಲ್ಲ. ಹಂಡೆಯನ್ನು ಬೂದಿ ಹಚ್ಚಿ ತಿಕ್ಕಿದಳು. ಬೂದಿಯನ್ನು ಒಣ ಅರಿವೆಯಿಂದ ಒರೆಸಿದಳು, ನೀರು ಮುಟ್ಟಿಸಲಿಲ್ಲ. ಹಿಂಡಲಕಾಯಿ ಬಳ್ಳಿ ಎಲ್ಲಿಯೂ ಇರಲಿಲ್ಲ. ಬೇವಿನ ಸೊಪ್ಪು ಕಟ್ಟಿದಳು. ಹಂಡೆಯ ತಳಕ್ಕೆ ಒಂದು ಕೊಡ ನೀರು ಸುರಿದಳು. ಮನೆಯಲ್ಲಿ ಏಳು ಮಂದಿ. ಎಣ್ಣೆ ಅಂಗೈಯಲ್ಲಿ ಅಲ್ಲ, ಬೆರಳ ತುದಿಯಲ್ಲಿ: ನೆತ್ತಿಗೊಂದು ಬೊಟ್ಟು, ಅಂಗಾಲಿಗೊಂದು ಬೊಟ್ಟು. ನಸುಕಿನಲ್ಲಿ ಒಬ್ಬೊಬ್ಬರನ್ನೂ ದೊಡ್ಡ ಪರಾತದಲ್ಲಿ ನಿಲ್ಲಿಸಿ ಒಂದು ತಂಬಿಗೆ ಬಿಸಿನೀರು ತಲೆಯಿಂದ ಇಳಿಸಿದಳು. ಪರಾತದಲ್ಲಿ ನಿಂತ ನೀರನ್ನು ತುಳಸಿಗೂ, ಉಳಿದಿದ್ದ ಒಂದೇ ಒಂದು ಆಕಳ ಕಲಗಚ್ಚಿಗೂ ಹಂಚಿದಳು. ಮೂವರು ಮಕ್ಕಳು ಪರಾತದಲ್ಲಿ ನಿಲ್ಲುವ ಸರದಿಗಾಗಿ ಜಗಳಾಡಿ ನಕ್ಕದ್ದೇ ನಕ್ಕದ್ದು. ಅಷ್ಟು ನಗು ಒಳಗೆ ಮಲಗಿದ್ದ ಮುತ್ಯಾನಿಗೆ ಕೇಳಿಸದೇ ಇರಲಿಲ್ಲ. ಎದ್ದು ಬರಲಿಲ್ಲ ಮಾತ್ರ.

ಆತ ಎದ್ದದ್ದು ಪಾಡ್ಯದ ದಿನ. ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲಲ್ಲಿ ಕೂಡಿಸುವುದು ನಮ್ಮ ಪದ್ಧತಿ. ಒಂದು ಆಕಳ ಸಗಣಿ ಎಷ್ಟಾದೀತು? ಹಾದಿ ಮೇಲೆ ದನಗಳ ಛಾವಣಿ ಇತ್ತು. ಅವ್ವ ತಲಾವಿನಿಂದ ಬರುವಾಗ ಅಲ್ಲಿ ಕೇಳಿ ಅದೇ ಬುಟ್ಟಿಯಲ್ಲಿ ಸಗಣಿ ತಂದಳು. ಛಾವಣಿಯ ಸಗಣಿ ಎಲ್ಲಾ ಊರ ದನಗಳದ್ದು, ಮರಾಠಿ ಊರಿನವೂ ಕನ್ನಡ ಊರಿನವೂ ಕೂಡಿದ್ದು. ಆಯಿ ಪಾಂಡವರನ್ನು ತಿದ್ದುತ್ತಿದ್ದಾಗ ಕೈ ನಡುಗಿ ಭೀಮ ಅಡ್ಡ ಬಿದ್ದ. ಮುತ್ಯಾ ಒಳಗಿನಿಂದಲೇ ನೋಡುತ್ತಿದ್ದ. "ಭೀಮನ ಬುಡ ಅಗಲ ಮಾಡಬೇಕು, ಇಷ್ಟು ವರ್ಷಾದರೂ ತಿಳೀವಲ್ದು ನಿನಗ" ಎನ್ನುತ್ತ ಎದ್ದು ಬಂದು ತಾನೇ ಕೂತು ತಿದ್ದಿದ. ಉತ್ತರಾಣಿ ಕಡ್ಡಿ ಚುಚ್ಚಿದ. ಹೂವಿಲ್ಲವೆಂದು ನನ್ನನ್ನು ಕಳ್ಳಿ ಸಾಲಿಗೆ ಅಟ್ಟಿದ. ಆ ಮಧ್ಯಾಹ್ನ ಮಿಲೋ ರೊಟ್ಟಿಯನ್ನು ಬೆಲ್ಲದ ನೀರಲ್ಲಿ ಮುರಿದು ಪೂರ್ತಿ ಉಂಡ. ಹೋಳಿಗೆ ಇರಲಿಲ್ಲ. ಪಾಂಡವರು ಮರುದಿನ ಕುಳ್ಳಾದರು, ವಾರದ ಮೇಲೆ ಅವೇ ಒಲೆಗೆ ಹೋದವು.

ಆಮೇಲಿನ ಹಬ್ಬಗಳನ್ನು ನಾವು ಕೆಲಸದ ಜಾಗದಲ್ಲೇ ಮಾಡಿದೆವು ಎನ್ನಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗುಂಪು ತುಕಾರಾಮರ ಅಭಂಗ ಎತ್ತಿದರೆ, ಇನ್ನೊಂದು ಗುಂಪು ತತ್ವಪದ ಎತ್ತುತ್ತಿತ್ತು. ಮುಕಾದಮ ಸೀಟಿ ಊದಿದರೂ ಎರಡು ನುಡಿ ಹೆಚ್ಚೇ ನಡೆಯುತ್ತಿತ್ತು. 1973ರ ಜನವರಿ ಮೊದಲ ವಾರ ಎಳ್ಳ ಅಮಾವಾಸ್ಯೆ. ಲಾತೂರ-ಉಸ್ಮಾನಾಬಾದದ ಮರಾಠಿ ರೈತರು ಇದನ್ನೇ ಯೇಳವಸ ಎನ್ನುತ್ತಾರೆ. ಶಬ್ದವೂ ನಮ್ಮದೇ, ಚರಗ ಚೆಲ್ಲುವಾಗ ಅವರು ಕೂಗುವ ಮಾತೂ ಮುರಿದ ಕನ್ನಡವೇ. ಆ ವರ್ಷ ಹೊಲದಲ್ಲಿ ಪೈರು ಇಲ್ಲದ್ದರಿಂದ ಚರಗ ಎಲ್ಲಿ ಚೆಲ್ಲಬೇಕೆಂಬ ಪ್ರಶ್ನೆ ಬಂತು. ಎರಡೂ ಭಾಷೆಯ ಹೆಂಗಸರು ಮಾತಾಡಿಕೊಂಡು, ಅರ್ಧ ಎದ್ದಿದ್ದ ಏರಿಯ ಮೇಲೆ ನಿಂತು ಒಣ ತಲಾವಿನ ತಳಕ್ಕೆ ಚೆಲ್ಲಿದರು. ಪ್ರತಿ ಬುಟ್ಟಿಯಿಂದ ಒಂದೊಂದು ತುತ್ತು, ಅಷ್ಟೇ. ಅಂಬಲಿ ಎಲ್ಲರದ್ದೂ ಕೂಡಿ ಒಂದೇ ಗಡಿಗೆ.

ಎಲ್ಲವೂ ನಗುವಿನಲ್ಲೇ ಕಳೆಯಿತು ಎಂದು ಹೇಳಿದರೆ ಸುಳ್ಳಾದೀತು. ಅವ್ವ ಎಲ್ಲರಿಗೂ ನೀಡಿ ಕೊನೆಗೆ ಉಣ್ಣುತ್ತಿದ್ದಳು. ಬಹಳ ದಿನ ಆಕೆಗೆ ಉಳಿದದ್ದು ಸಾರು ಮಾತ್ರ. ಆ ವರ್ಷ ಬಾಗಿದ ಆಕೆಯ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಖಡಿ ಸಿಡಿದು ಒಂದು ಕಣ್ಣು ಕಳೆದುಕೊಂಡವರು ನಮ್ಮ ಓಣಿಯಲ್ಲಿ ಒಬ್ಬರಿದ್ದರು. ಹಬ್ಬ ಮಾಡಿದ್ದರಿಂದ ಹೊಟ್ಟೆ ತುಂಬಲಿಲ್ಲ, ಹೊಟ್ಟೆ ತುಂಬಿಸಿದ್ದು ಕೂಲಿ ಮತ್ತು ರೇಶನ್ನು. ಆದರೆ ಮುತ್ಯಾನನ್ನು ಹಾಸಿಗೆಯಿಂದ ಎಬ್ಬಿಸುವ ಕೆಲಸ ಯಾವ ಸರಕಾರದ ಪಟ್ಟಿಯಲ್ಲೂ ಇರಲಿಲ್ಲ.

1973ರಲ್ಲಿ ಮಳೆ ಚಲೋ ಆಯಿತು. ತಲಾವು ತುಂಬಿತು, ಅದರ ಕೆಳಗಿನ ಬಾವಿಗಳೂ ಏರಿದವು. ಆ ವರ್ಷದ ದೀಪಾವಳಿ ಅಕ್ಟೋಬರ್ ಕೊನೆಯ ವಾರ. ಅದಾಗಿ ಕೆಲವೇ ದಿನಕ್ಕೆ, ನವೆಂಬರ್ 1ರಂದು, ಹಳ್ಳದಾಚೆಯ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ನೀರು ತುಂಬುವ ದಿನ ಅವ್ವ ಹಂಡೆಯನ್ನು ಅಂಚು ಮುಟ್ಟ ತುಂಬಿದಳು. ನಸುಕಿನಲ್ಲಿ ಮೊದಲ ಸರದಿ ಮುತ್ಯಾನದು. ಆತ ಎಣ್ಣೆ ಹಚ್ಚಿಸಿಕೊಂಡು, ರೂಢಿಯಂತೆ ಪರಾತದಲ್ಲಿ ನಿಂತು, ಒಂದು ತಂಬಿಗೆ ಹಾಕಿಸಿಕೊಂಡು ಹೊರಟೇಬಿಟ್ಟ. "ನಿಂದರ್ರಿ, ನೀರು ಹಂಡೆ ತುಂಬ ಅದ" ಎಂದು ಆಯಿ ಕೂಗಿದಳು. ಮುತ್ಯಾ ತಿರುಗಿ ಬಂದು ಹಂಡೆಯೊಳಗೆ ಬಗ್ಗಿ ನೋಡಿದ. ಆಮೇಲೆ ಮತ್ತೆ ಪರಾತದಲ್ಲೇ ನಿಂತ.