ಮಾತಿಲ್ಲದ ಮುಖ: ಮೂಕ ಭಾವಚಿತ್ರ ಹಾಗೂ ಭೂತಾರಾಧನೆಯ ದಾಖಲಾತಿ

ದೀರ್ಘಕಾಲ ಪುತ್ತೂರನ್ನು ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡಿದ್ದ ಡಾ. ಶಿವರಾಮ ಕಾರಂತರು (1902–1997) ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು 1930ರ ಆಸುಪಾಸಿನಲ್ಲಿ ನಿರ್ದೇಶಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಹೀಗಾಗಿ ಕಾರಂತರ ಚಿತ್ರಗಳ ಮೌನವು ಆ ಕಾಲದ ತಂತ್ರದ ಮಿತಿಯೇ ಹೊರತು ಆಯ್ಕೆಯಲ್ಲ.

ಮೌನವನ್ನು ಬೇಕೆಂದೇ ಆಯ್ದುಕೊಂಡ ಪ್ರಸಿದ್ಧ ಪ್ರಯೋಗವೆಂದರೆ ಆಂಡಿ ವಾರ್ಹಾಲ್ 1964ರಿಂದ 1966ರವರೆಗೆ ನ್ಯೂಯಾರ್ಕ್‌ನಲ್ಲಿ ಚಿತ್ರೀಕರಿಸಿದ ‘ಸ್ಕ್ರೀನ್ ಟೆಸ್ಟ್ಸ್’. ಅವುಗಳ ಸಂಖ್ಯೆ 472. ಕುಳಿತ ವ್ಯಕ್ತಿ ನೂರು ಅಡಿಯ ಸುರುಳಿ ಮುಗಿಯುವವರೆಗೆ, ಅಂದರೆ ಮೂರು ನಿಮಿಷಕ್ಕೂ ಕಡಿಮೆ ಅವಧಿ, ಕ್ಯಾಮೆರಾವನ್ನು ಎದುರಿಸಬೇಕು. ಸೆಕೆಂಡಿಗೆ 24 ಚೌಕಟ್ಟುಗಳಂತೆ ತೆಗೆದುದನ್ನು 16ರಂತೆ ತೋರಿಸಿದ್ದರಿಂದ ಅದು ನಾಲ್ಕು ನಿಮಿಷಕ್ಕೂ ಮಿಕ್ಕಿ ಹಿಗ್ಗಿತು. ರೆಪ್ಪೆಯ ಮಿಡಿತ, ಉಗುಳು ನುಂಗುವುದು ಇವೇ ಅಲ್ಲಿನ ಘಟನೆಗಳು.

ಜಾನಪದ ವಿದ್ವಾಂಸರಿಗೆ ಇದು ದೂರದ ಸಂಗತಿಯೇನಲ್ಲ. ಪುತ್ತೂರು, ಸುಳ್ಯ, ಕಡಬ ಪರಿಸರದ ನೇಮಗಳಲ್ಲಿ ಎಣ್ಣೆಬೂಳ್ಯ ಪಡೆದ ನಲಿಕೆ, ಪರವ ಅಥವಾ ಪಂಬದ ಕಲಾವಿದ ಬಣ್ಣಕ್ಕೆ ಕುಳಿತಾಗ ಅರದಾಳ ಮುಖವನ್ನು ಆವರಿಸುತ್ತದೆ. ಬಳಿಯಲ್ಲಿ ತೆಂಬರೆಯೊಂದಿಗೆ, ಹಲವೆಡೆ ಆತನ ಮನೆಯ ಹೆಂಗಸರಿಂದಲೇ, ಪಾಡ್ದನ ಸಾಗುತ್ತಿರುತ್ತದೆ. ಹಾಡುವವರ ಮಾತನ್ನು ನಾವು ಸಾಲುಸಾಲಾಗಿ ಸಂಗ್ರಹಿಸಿದ್ದೇವೆ. ಅದನ್ನು ಆಲಿಸುತ್ತ ಕುಳಿತ ಮುಖವನ್ನು ಮಾತ್ರ ‘ಪೂರ್ವಸಿದ್ಧತೆ’ ಎಂಬ ಶೀರ್ಷಿಕೆಯಡಿ ಕೆಲವೇ ಕ್ಷಣಗಳಿಗೆ ಕತ್ತರಿಸಿದ್ದೇವೆ. ಅಣಿ ಏರಿದ ಮೇಲಿನ ಆರ್ಭಟವೇ ನೋಡತಕ್ಕದ್ದು ಎಂಬ ಪೂರ್ವಗ್ರಹ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ವಸ್ತುತಃ ಮನುಷ್ಯನೊಬ್ಬ ದೈವದ ಕಡೆಗೆ ಸರಿಯುವ ಪ್ರಕ್ರಿಯೆ ಅಷ್ಟಿಷ್ಟಾದರೂ ಕಾಣಸಿಗುವುದು ಆ ದೀರ್ಘ ಕುಳಿತಿರುವಿಕೆಯಲ್ಲಿಯೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಗಂಭೀರವಾದುದು. ಕ್ಯಾಲಿ ಏಂಜೆಲ್ 2006ರಲ್ಲಿ ಹೊರತಂದ ವಾರ್ಹಾಲ್ ಸೂಚಿಯಲ್ಲಿ ಚಿತ್ರಗಳು ಕುಳಿತವರ ಹೆಸರಿನಡಿ ದಾಖಲಾಗಿವೆ. ನಮ್ಮ ದಾಖಲೆಗಳ ಮೇಲೆ ಪಂಜುರ್ಲಿ, ಗುಳಿಗ ಎಂದು ದೈವದ ಹೆಸರಿರುತ್ತದೆ, ಊರಿರುತ್ತದೆ, ಒಮ್ಮೊಮ್ಮೆ ಗುತ್ತಿನ ಹೆಸರೂ ಇರುತ್ತದೆ. ಕಟ್ಟಿದವನ ಹೆಸರು ಎಷ್ಟೋ ಬಾರಿ ಇರುವುದಿಲ್ಲ. ಗಗ್ಗರ ತೊಟ್ಟ ಬಳಿಕ ಅವನು ಆ ವ್ಯಕ್ತಿಯಲ್ಲ ಎಂಬ ನಂಬಿಕೆಯನ್ನು ಇದಕ್ಕೆ ಸಮರ್ಥನೆಯಾಗಿ ಮುಂದಿಡುವುದುಂಟು. ನಂಬಿಕೆ ಗೌರವಾರ್ಹವೇ. ಆದರೆ ಗಗ್ಗರ ತೊಡುವವರೆಗಿನ ಮುಖ ಅವನದೇ. ಅಷ್ಟು ಭಾಗವನ್ನಾದರೂ, ಅವನ ಒಪ್ಪಿಗೆ ಪಡೆದು, ಕತ್ತರಿಸದೆ, ಅವನ ಹೆಸರಿನಲ್ಲಿಯೇ ಸೂಚಿಗೆ ಸೇರಿಸಬೇಕಾಗಿದೆ.